ತಾಯಿಗೆ ಯಾರು ಹೇಳಬೇಕು? ನವಜಾತ ಶಿಶು ಘಟಕಗಳಲ್ಲಿ ಮಾಹಿತಿ ಸಾಗುವ ದಾರಿ

ತಾಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿ, ತಿಂಗಳು ತುಂಬುವ ಮೊದಲೇ ಹುಟ್ಟಿದ ಒಂದೂಕಾಲು ಕಿಲೋ ತೂಕದ ಮಗುವನ್ನು ಆಂಬುಲೆನ್ಸ್‌ನಲ್ಲಿ ಜಿಲ್ಲಾಸ್ಪತ್ರೆಗೆ ಕಳುಹಿಸುವಾಗ ಅದರ ಜೊತೆಯಲ್ಲಿ ಹೋಗುವವರು ಸಾಮಾನ್ಯವಾಗಿ ತಂದೆ, ಅಜ್ಜಿ ಅಥವಾ ಸೋದರಮಾವ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡ ತಾಯಿ ತಾಲೂಕು ಆಸ್ಪತ್ರೆಯ ವಾರ್ಡಿನಲ್ಲೇ ಉಳಿಯುತ್ತಾಳೆ. ಜಿಲ್ಲಾಸ್ಪತ್ರೆಯ ವಿಶೇಷ ನವಜಾತ ಶಿಶು ಆರೈಕೆ ಘಟಕದಲ್ಲಿ, ಅಂದರೆ ಸಿಬ್ಬಂದಿಯೆಲ್ಲ ಎಸ್‌ಎನ್‌ಸಿಯು ಎಂದು ಕರೆಯುವ ಕಡೆ, ಮಗುವಿಗೆ ಇನ್ನೂ ನಾಮಕರಣವಾಗಿರದ ಕಾರಣ ಕೇಸ್ ಶೀಟಿನ ಮೇಲೂ ಕಾಲಿಗೆ ಕಟ್ಟಿದ ಪಟ್ಟಿಯ ಮೇಲೂ ‘ಬೇಬಿ ಆಫ್’ ಎಂದು ಬರೆದು ಮುಂದೆ ತಾಯಿಯ ಹೆಸರು ಹಾಕುತ್ತಾರೆ. ಅಲ್ಲಿರುವಷ್ಟು ದಿನವೂ ಮಗುವಿಗೆ ತಾಯಿಯ ಹೆಸರೇ ಗುರುತು. ಆದರೆ ಮಗುವಿನ ಸ್ಥಿತಿ ಹೇಗಿದೆ ಎಂಬ ಸುದ್ದಿ ಎಲ್ಲರಿಗಿಂತ ಕೊನೆಗೆ ತಲುಪುವುದು ಅವಳಿಗೇ.

ಆ ಸುದ್ದಿ ಸಾಗುವ ದಾರಿಯನ್ನು ಗಮನಿಸಬೇಕು. ವೈದ್ಯರು ಬಾಗಿಲ ಬಳಿ ಬಂದು ತಂದೆಗೆ ನಾಲ್ಕು ಮಾತು ಹೇಳುತ್ತಾರೆ. ತಂದೆ ಅದರಲ್ಲಿ ತನಗೆ ತಿಳಿದಷ್ಟನ್ನು ಫೋನಿನಲ್ಲಿ ಅತ್ತೆಗೆ ಹೇಳುತ್ತಾನೆ. ಹಸಿ ಬಾಣಂತಿ ಗಾಬರಿಯಾದರೆ ನಂಜೇರೀತು, ಎದೆಹಾಲು ಬತ್ತೀತು ಎಂಬ ಭಯದಿಂದ ಅತ್ತೆ ಮಗಳಿಗೆ “ಕೂಸು ಆರಾಮಾಗಿದೆ, ನೀನು ಮಲಗು” ಎನ್ನುತ್ತಾಳೆ. ಇದರಲ್ಲಿ ಯಾರ ಕೆಟ್ಟ ಉದ್ದೇಶವೂ ಇಲ್ಲ. ಎಲ್ಲರೂ ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆ. ಆದರೆ ಆರಾಮಾಗಿರುವ ಕೂಸು ತನ್ನ ಮಡಿಲಲ್ಲಿ ಏಕಿಲ್ಲ ಎಂಬ ಪ್ರಶ್ನೆಗೆ ಆ ತಾಯಿಗೆ ಉತ್ತರ ಸಿಗುವುದಿಲ್ಲ, ಅವಳು ಆಗಬಾರದ್ದನ್ನೆಲ್ಲ ಊಹಿಸಿಕೊಳ್ಳುತ್ತಾಳೆ. ಹಾಲು ಹಿಂಡಿ ಕಳುಹಿಸಬೇಕೆಂದು ಅವಳಿಗೆ ಯಾರೂ ಹೇಳಿರುವುದಿಲ್ಲವಾದ್ದರಿಂದ ಮೂರು ನಾಲ್ಕು ದಿನಗಳಲ್ಲಿ ಹಾಲು ನಿಜವಾಗಿಯೇ ಕಡಿಮೆಯಾಗುತ್ತದೆ. ಹಾಲು ಬತ್ತಬಾರದೆಂದು ಮುಚ್ಚಿಟ್ಟ ಸುದ್ದಿಯಿಂದಲೇ ಹಾಲು ಬತ್ತುತ್ತದೆ.

ನವಜಾತ ಶಿಶುಗಳ ಸಾವಿನ ಬಗ್ಗೆ ಚರ್ಚೆಯಾದಾಗಲೆಲ್ಲ ಹಾಸಿಗೆಗಳ ಕೊರತೆ, ವೆಂಟಿಲೇಟರ್‌ಗಳ ಕೊರತೆ, ಖಾಲಿ ಹುದ್ದೆಗಳ ವಿಷಯ ಬರುತ್ತದೆ. ಬರಬೇಕಾದದ್ದೇ. ಆದರೆ ಸಿಬ್ಬಂದಿ ಮತ್ತು ಹೆತ್ತವರ ನಡುವಿನ ಮಾತುಕತೆಯ ವಿಷಯ ಬಂದಾಗ ಅದನ್ನು ಸೌಜನ್ಯದ ಪ್ರಶ್ನೆಯಾಗಿ, ಇಂಥ ವೈದ್ಯರು ಒಳ್ಳೆಯವರು, ಇಂಥ ಸಿಸ್ಟರ್ ಸಿಡುಕು ಎಂಬ ಮಟ್ಟದಲ್ಲಿ ಮಾತನಾಡಿ ಮುಗಿಸುತ್ತೇವೆ. ನನ್ನ ದೃಷ್ಟಿಯಲ್ಲಿ ಇದು ಸ್ವಭಾವದ ಪ್ರಶ್ನೆಯಲ್ಲ. ಮಗುವಿಗೆ ಎಷ್ಟು ಗಂಟೆಗೊಮ್ಮೆ ಹಾಲು, ಯಾವ ಔಷಧ, ಎಷ್ಟು ಉಷ್ಣತೆ ಎಂಬುದಕ್ಕೆಲ್ಲ ಬರಹದಲ್ಲಿ ಕ್ರಮವಿರುವ ಘಟಕದಲ್ಲಿ, ತಾಯಿಗೆ ಯಾರು, ಯಾವಾಗ, ಎಲ್ಲಿ ಕೂರಿಸಿ ಹೇಳಬೇಕು ಎಂಬುದಕ್ಕೆ ಕ್ರಮವೇ ಇಲ್ಲದಿರುವುದು ಚಿಕಿತ್ಸೆಯ ಲೋಪ.

ಘಟಕಗಳು ರೂಪುಗೊಂಡ ಬಗೆಯಲ್ಲೇ ಇದಕ್ಕೆ ಕಾರಣವಿದೆ. ಕೇಂದ್ರ ಆರೋಗ್ಯ ಸಚಿವಾಲಯದ 2011ರ ಮಾರ್ಗಸೂಚಿಯ ಪ್ರಕಾರ ವರ್ಷಕ್ಕೆ 3000ಕ್ಕಿಂತ ಹೆಚ್ಚು ಹೆರಿಗೆಯಾಗುವ ಆಸ್ಪತ್ರೆಯಲ್ಲಿ ಕನಿಷ್ಠ 12 ಹಾಸಿಗೆಗಳ ಎಸ್‌ಎನ್‌ಸಿಯು ಇರಬೇಕು. ಅದೇ ವರ್ಷ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ನವಜಾತ ಶಿಶುವಿನ ಚಿಕಿತ್ಸೆ, ಔಷಧ, ಪರೀಕ್ಷೆ, ಸಾಗಣೆ ಎಲ್ಲವೂ ಉಚಿತವಾದವು. ಮೊದಲು 30 ದಿನಗಳವರೆಗೆ ಇದ್ದ ಈ ಸೌಲಭ್ಯವನ್ನು ಆಮೇಲೆ ಒಂದು ವರ್ಷದವರೆಗೆ ವಿಸ್ತರಿಸಲಾಯಿತು. ಜಿಲ್ಲಾ ಮಟ್ಟದಲ್ಲಿ ಇಂಥ ಸೌಕರ್ಯ ಬಂದದ್ದು ಸಣ್ಣ ಸಾಧನೆಯಲ್ಲ. ಆದರೆ ಈ ಘಟಕಗಳನ್ನು ಶಸ್ತ್ರಚಿಕಿತ್ಸಾ ಕೊಠಡಿಯ ಮಾದರಿಯಲ್ಲಿ, ಹೊರಗಿನವರು ಎಂದರೆ ಸೋಂಕು ಎಂಬ ಎಣಿಕೆಯಲ್ಲಿ ಕಟ್ಟಲಾಯಿತು. ಒಳಗೆ ಮಗುವನ್ನು ಬೆಚ್ಚಗಿಡುವ ವಾರ್ಮರ್‌ಗಳ ಸಾಲು, ಕಾಮಾಲೆ ಇಳಿಸುವ ನೀಲಿ ದೀಪದ ಫೋಟೋಥೆರಪಿ, ಕೈ ತೊಳೆಯುವ ಸಿಂಕ್ ಎಲ್ಲಕ್ಕೂ ಜಾಗ ಗುರುತಾಯಿತು; ತಾಯಿ ಕೂರುವ ಕುರ್ಚಿಗೆ ಹೆಚ್ಚಿನ ಕಡೆ ಜಾಗ ಸಿಗಲಿಲ್ಲ.

ಬೆಳಗ್ಗೆ ಹತ್ತರ ಹೊತ್ತಿಗೆ ಇಂಥ ಘಟಕದ ಹೊರಗಿನ ಓಣಿಯಲ್ಲಿ ನಿಂತರೆ ಉಳಿದದ್ದು ಅರ್ಥವಾಗುತ್ತದೆ. ಗೋಡೆಯ ಪಕ್ಕ ಚಾಪೆ ಹಾಸಿಕೊಂಡ ಅಜ್ಜಿಯರು, ಊಟದ ಡಬ್ಬಿ, ಫ್ಲಾಸ್ಕು, ಮಗುವಿನ ಟೋಪಿ, ಕಾಲುಚೀಲ ತುಂಬಿದ ಪ್ಲಾಸ್ಟಿಕ್ ಚೀಲ. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಹೊಲಿಗೆಯ ನೋವಿಗೆ ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡ ಬಾಣಂತಿಯೊಬ್ಬಳು ಸ್ಟೀಲ್ ಬಟ್ಟಲಿನಲ್ಲಿ ಹಿಂಡಿದ ಹಾಲನ್ನು ಸೆರಗಿನಿಂದ ಮುಚ್ಚಿಕೊಂಡು ನಿಂತಿರುತ್ತಾಳೆ. ಬಾಗಿಲು ಅರ್ಧ ತೆರೆಯುತ್ತದೆ, ಒಂದು ಹೆಸರನ್ನು ಕೂಗುತ್ತಾರೆ, ಬಟ್ಟಲು ಒಳಗೆ ಹೋಗುತ್ತದೆ, ಬಾಗಿಲು ಮುಚ್ಚುತ್ತದೆ. ರೌಂಡ್ಸ್ ಮುಗಿದ ಮೇಲೆ “ಅಟೆಂಡರ್ ಯಾರಿದ್ದೀರಿ?” ಎಂದು ಕೇಳಿದಾಗ ಗುಂಪಿನಿಂದ ಮುಂದೆ ಹೋಗುವವರು ಗಂಡಸರು. “ಸೀರಿಯಸ್ ಇದೆ, ಇನ್ನೂ ಎರಡು ದಿನ ಏನೂ ಹೇಳೋಕಾಗಲ್ಲ, ಇಲ್ಲಿ ಸೈನ್ ಮಾಡಿ” ಎಂಬುದರೊಂದಿಗೆ ಆ ದಿನದ ಮಾತುಕತೆ ಮುಗಿಯುತ್ತದೆ. ಸಹಿ ಹಾಕಿದ ಕಾಗದ ಇಂಗ್ಲಿಷಿನಲ್ಲಿರುತ್ತದೆ.

ಹೇಳದೆ ಉಳಿದ ಸಂಗತಿಗಳು ಏನು ಮಾಡುತ್ತವೆ ಎಂಬುದನ್ನು ಒಂದು ಸಾಮಾನ್ಯ ಉದಾಹರಣೆಯಿಂದ ನೋಡಬಹುದು. ಹುಟ್ಟಿದ ಮೊದಲ ದಿನಗಳಲ್ಲಿ ಎಲ್ಲ ಮಕ್ಕಳ ತೂಕವೂ ಸ್ವಲ್ಪ ಇಳಿಯುತ್ತದೆ; ತಿಂಗಳು ತುಂಬದ ಮಗುವಿನ ತೂಕ ಇನ್ನೂ ಹೆಚ್ಚು ಇಳಿದು, ಹುಟ್ಟಿದಾಗಿನ ಮಟ್ಟಕ್ಕೆ ಮರಳಲು ಎರಡು ವಾರಗಳಾಗಬಹುದು. ಗರ್ಭದಲ್ಲಿದ್ದ ದಿನಗಳೂ ಸೇರಿ ಸುಮಾರು 34 ವಾರ ತುಂಬುವವರೆಗೆ ಹೀರುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಒಟ್ಟಿಗೆ ಹೊಂದಿಸಿಕೊಳ್ಳುವುದು ಮಗುವಿಗೆ ಸಾಧ್ಯವಾಗುವುದಿಲ್ಲವಾದ್ದರಿಂದ ಹಾಲನ್ನು ನಳಿಕೆಯ ಮೂಲಕ ಒಂದೆರಡು ಮಿಲಿಲೀಟರ್‌ನಿಂದ ಆರಂಭಿಸಿ ಹೆಚ್ಚಿಸುತ್ತ ಹೋಗಿ, ಆಮೇಲೆ ಒಳಲೆಯಲ್ಲಿ, ಕೊನೆಗೆ ಎದೆಯಲ್ಲಿ ಕುಡಿಸುತ್ತಾರೆ. ಸಿಬ್ಬಂದಿಗೆ ಇದು ದಿನನಿತ್ಯದ ಸಂಗತಿ. ಇದನ್ನು ಮೊದಲೇ ತಿಳಿಸದ ಕುಟುಂಬಕ್ಕೆ ಕಾಣುವುದು ಮಾತ್ರ ಬೇರೆ: ಮಗು ದಿನೇ ದಿನೇ ಇಳಿಯುತ್ತಿದೆ, ಬಟ್ಟಲು ತುಂಬ ಕಳುಹಿಸಿದ ಹಾಲಿನಲ್ಲಿ ಒಂದು ಚಮಚೆಯೂ ಮಗುವಿಗೆ ಹೋಗುತ್ತಿಲ್ಲ, ಮೂಗಿಗೆ ನಳಿಕೆ ಹಾಕಿದ್ದಾರೆ, ಕಣ್ಣಿಗೆ ಬಟ್ಟೆ ಕಟ್ಟಿ ದೀಪದ ಕೆಳಗೆ ಮಲಗಿಸಿದ್ದಾರೆ. ಅಜ್ಜಿ ಇದನ್ನು ಉಪವಾಸ ಕೆಡವುವುದೆಂದು ತಿಳಿಯುತ್ತಾಳೆ. ಮೂರನೆಯ ದಿನಕ್ಕೆ “ನಮ್ಮ ಜವಾಬ್ದಾರಿ” ಎಂದು ಬರೆದುಕೊಟ್ಟು ಮಗುವನ್ನು ಕರೆದುಕೊಂಡು ಹೋಗುವ ಕುಟುಂಬಗಳಲ್ಲಿ ಹಣದ ತೊಂದರೆಯಿಂದ ಹೋಗುವವರಿದ್ದಾರೆ, ಹೆಣ್ಣುಮಗುವೆಂಬ ಕಾರಣಕ್ಕೆ ಹೋಗುವವರೂ ಇದ್ದಾರೆ. ಆದರೆ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯದೆ ನಂಬಿಕೆ ಕಳೆದುಕೊಂಡು ಹೋಗುವವರನ್ನು ಹತ್ತು ನಿಮಿಷದ ಮಾತಿನಿಂದ ಉಳಿಸಿಕೊಳ್ಳಬಹುದು. ಚಿಕಿತ್ಸೆ ಉಚಿತವೆಂಬ ಸಂಗತಿಯನ್ನೇ ಯಾರೂ ಸ್ಪಷ್ಟವಾಗಿ ಹೇಳದ ಕಾರಣ ಬಿಲ್ಲಿನ ಭಯದಿಂದ ಹೋಗುವವರ ವಿಷಯದಲ್ಲಂತೂ ಆ ಹತ್ತು ನಿಮಿಷವೂ ಬೇಕಾಗುವುದಿಲ್ಲ.

ಹೇಳದಿರುವುದರ ಬೆಲೆ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಸುಪ್ರೀಂ ಕೋರ್ಟಿನ 2015ರ ಒಂದು ತೀರ್ಪು ಸಾಕ್ಷಿಯಾಗಿದೆ. 1996ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ 29ನೇ ವಾರದಲ್ಲಿ, 1250 ಗ್ರಾಂ ತೂಕದ ಹೆಣ್ಣುಮಗು ಹುಟ್ಟಿತು. ಆಮ್ಲಜನಕ ಕೊಟ್ಟು, ಇನ್‌ಕ್ಯುಬೇಟರ್‌ನಲ್ಲಿಟ್ಟು ಸಿಬ್ಬಂದಿ ಮಗುವನ್ನು ಉಳಿಸಿ ಮನೆಗೆ ಕಳುಹಿಸಿದರು. ಅವಧಿಪೂರ್ವ ಶಿಶುಗಳಲ್ಲಿ ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡುತನ ತರುವ ಕಾಯಿಲೆಯೊಂದಿದೆ. ವೈದ್ಯರು ಅದನ್ನು ಆರ್‌ಒಪಿ ಎನ್ನುತ್ತಾರೆ. ಅದಕ್ಕಾಗಿ ಕಣ್ಣು ಪರೀಕ್ಷಿಸಬೇಕಾಗಿತ್ತು. ಪರೀಕ್ಷೆ ನಡೆಯಲಿಲ್ಲ, ಹಾಗೊಂದು ಅಪಾಯವಿದೆ ಎಂದು ಹೆತ್ತವರಿಗೆ ಯಾರೂ ತಿಳಿಸಲೂ ಇಲ್ಲ. ಕೆಲವು ತಿಂಗಳ ನಂತರ ಬೇರೆ ವೈದ್ಯರಿಂದ ವಿಷಯ ಗೊತ್ತಾಗುವ ವೇಳೆಗೆ ಮಗುವಿನ ದೃಷ್ಟಿ ಹೋಗಿತ್ತು. ಸುಪ್ರೀಂ ಕೋರ್ಟ್ ಇದನ್ನು ವೈದ್ಯಕೀಯ ನಿರ್ಲಕ್ಷ್ಯವೆಂದು ಎತ್ತಿಹಿಡಿದು ಒಟ್ಟು ಸುಮಾರು 1.8 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಈ ಪ್ರಕರಣದಲ್ಲಿ ಜೀವ ಉಳಿಸುವ ಕೆಲಸದಲ್ಲಿ ಆಸ್ಪತ್ರೆ ಸೋತಿರಲಿಲ್ಲ ಎಂಬುದನ್ನು ಮರೆಯಬಾರದು. ಪರೀಕ್ಷೆ ಮಾಡದೆ, ಎಚ್ಚರಿಕೆಯನ್ನೂ ಹೇಳದೆ ಮಗುವನ್ನು ಮನೆಗೆ ಕಳುಹಿಸಿದ್ದೇ ಅಲ್ಲಿ ತಪ್ಪಾಯಿತು.

ಇಂದು ನಮ್ಮಲ್ಲಿ ಪಾಲಿಸುವ ನಿಯಮದ ಪ್ರಕಾರ 2000 ಗ್ರಾಂಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮೊದಲು ಹುಟ್ಟಿದ ಮಗುವಿನ ಕಣ್ಣನ್ನು ಹುಟ್ಟಿದ ನಾಲ್ಕು ವಾರಗಳೊಳಗೆ ಪರೀಕ್ಷಿಸಬೇಕು. ತೀರಾ ಚಿಕ್ಕ ಮಕ್ಕಳಿಗೆ ಎರಡು ಮೂರು ವಾರಗಳಲ್ಲೇ ಆಗಬೇಕು. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೆ ದಾರಿ ತೋರಿಸಿದ ರಾಜ್ಯ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ಆರಂಭವಾದ ಕಿಡ್ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗಿ ಮಕ್ಕಳ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ, ದೂರದಲ್ಲಿರುವ ತಜ್ಞರು ಅದನ್ನು ನೋಡಿ ಚಿಕಿತ್ಸೆ ಬೇಕೇ ಎಂದು ಹೇಳುತ್ತಾರೆ. ಆದರೆ ಕ್ಯಾಮೆರಾ ಜಿಲ್ಲಾಸ್ಪತ್ರೆಗೆ ಬರುವ ದಿನ, ಎರಡು ವಾರದ ಹಿಂದೆ ಬಿಡುಗಡೆಯಾಗಿ ಅರವತ್ತು ಕಿಲೋಮೀಟರ್ ದೂರದ ಹಳ್ಳಿಗೆ ಹೋದ ಮಗುವನ್ನು ಮನೆಯವರು ಕರೆತರಬೇಕು. ಹಾಲು ಕುಡಿದು ಚೆನ್ನಾಗಿ ಮಲಗುವ, ಹೊರನೋಟಕ್ಕೆ ಕಣ್ಣಿನಲ್ಲಿ ಯಾವ ದೋಷವೂ ಕಾಣದ ಮಗುವನ್ನು ಬಸ್ಸಿನಲ್ಲಿ ಇಷ್ಟು ದೂರ ಏಕೆ ತರಬೇಕು? ಈ ಪ್ರಶ್ನೆಗೆ ಅವರಿಗೆ ಮನದಟ್ಟಾಗುವ ಉತ್ತರ ಸಿಕ್ಕಿರಬೇಕು. ಡಿಸ್ಚಾರ್ಜ್ ಕಾರ್ಡಿನ ಕೆಳಗೆ ಇಂಗ್ಲಿಷಿನಲ್ಲಿ ಗೀಚಿದ ಮೂರು ಅಕ್ಷರ ಆ ಉತ್ತರವಾಗಲಾರದು.

ಬಾಗಿಲು ತೆರೆದರೆ ಸೋಂಕು ಹೆಚ್ಚುತ್ತದೆ ಎಂಬ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನವಜಾತ ಶಿಶುವಿಗೆ ಸೋಂಕು ನಿಜಕ್ಕೂ ಪ್ರಾಣಾಂತಿಕ. ಆದರೆ ಈ ವಾದವನ್ನು ಪರೀಕ್ಷಿಸಿ ನೋಡಿಯಾಗಿದೆ. ಎಸ್ಟೋನಿಯಾದ ಟ್ಯಾಲಿನ್ ನಗರದಲ್ಲಿ 1979ರಲ್ಲಿ ದಾದಿಯರ ಕೊರತೆಯಾದಾಗ ಡಾ. ಆದಿಕ್ ಲೆವಿನ್ ಅವರು ತಾಯಂದಿರನ್ನೇ ಒಳಗೆ ಕರೆದು, ದಾದಿಯರ ಮಾರ್ಗದರ್ಶನದಲ್ಲಿ ಮಕ್ಕಳ ಆರೈಕೆಯನ್ನು ಅವರ ಕೈಗೆ ಕೊಟ್ಟರು. ಅದರಿಂದ ಪ್ರೇರಣೆ ಪಡೆದ ಕೆನಡಾದ ಟೊರಾಂಟೊದ ತಂಡವೊಂದು ಹೆತ್ತವರು ವೈದ್ಯರ ರೌಂಡ್ಸ್‌ನಲ್ಲೂ ಭಾಗವಹಿಸಿ ತಮ್ಮ ಮಗುವಿನ ಸ್ಥಿತಿಯನ್ನು ತಾವೇ ವಿವರಿಸುವ ಪದ್ಧತಿಯನ್ನು ರೂಪಿಸಿತು. ಮೂರು ದೇಶಗಳ 26 ಘಟಕಗಳಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಮಕ್ಕಳ ತೂಕ ಹೆಚ್ಚು ಚೆನ್ನಾಗಿ ಏರಿತು, ಹೆತ್ತವರ ಒತ್ತಡವೂ ಕಡಿಮೆಯಿತ್ತು. ನಮ್ಮ ದೇಶದಲ್ಲೇ, ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯಲ್ಲಿ ಕುಟುಂಬದವರಿಗೆ ತರಬೇತಿ ಕೊಟ್ಟು ಒಳಗೆ ಬಿಟ್ಟ ಪ್ರಯೋಗದಲ್ಲಿ ಸೋಂಕು ಹೆಚ್ಚಲಿಲ್ಲ. ಬಿಡುಗಡೆಯ ವೇಳೆಗೆ ಎದೆಹಾಲನ್ನಷ್ಟೇ ಕುಡಿಯುವ ಮಕ್ಕಳ ಪ್ರಮಾಣ ಹೆಚ್ಚಿತು. ಈ ಅನುಭವದ ಆಧಾರದ ಮೇಲೆಯೇ ಕೇಂದ್ರ ಸಚಿವಾಲಯ 2017ರಲ್ಲಿ ಕುಟುಂಬ ಸಹಭಾಗಿತ್ವದ ಆರೈಕೆಗೆ ಮಾರ್ಗಸೂಚಿ ಹೊರಡಿಸಿತು. ಕೈ ತೊಳೆಯುವುದು ಮತ್ತು ಒಳಗೆ ಬರುವ ಕ್ರಮ, ಮಗುವನ್ನು ಮುಟ್ಟುವ ಮತ್ತು ಮಲಗಿಸುವ ಬಗೆ, ಮಗುವನ್ನು ಚರ್ಮಕ್ಕೆ ಚರ್ಮ ತಾಗುವಂತೆ ಎದೆಗೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆ, ಮನೆಗೆ ಹೋಗುವ ಸಿದ್ಧತೆ ಇವನ್ನೆಲ್ಲ ಹೆತ್ತವರಿಗೆ ಹಂತ ಹಂತವಾಗಿ ಕಲಿಸಬೇಕೆಂದು ಅದು ಹೇಳುತ್ತದೆ.

ಇದಕ್ಕಿಂತಲೂ ಗಟ್ಟಿಯಾದ ಸಾಕ್ಷ್ಯ 2021ರಲ್ಲಿ ಬಂತು. ಭಾರತ, ಘಾನಾ, ಮಲಾವಿ, ನೈಜೀರಿಯಾ ಮತ್ತು ತಾಂಜಾನಿಯಾದ ಐದು ಆಸ್ಪತ್ರೆಗಳಲ್ಲಿ 1 ಕಿಲೋದಿಂದ 1.8 ಕಿಲೋದೊಳಗಿನ 3211 ಶಿಶುಗಳ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಅಧ್ಯಯನ ನಡೆಯಿತು. ಭಾರತದಿಂದ ಇದ್ದದ್ದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ. ಮಗುವಿನ ಸ್ಥಿತಿ ಸುಧಾರಿಸುವವರೆಗೆ ಕಾಯದೆ, ಹುಟ್ಟಿದೊಡನೆಯೇ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟು, ತೀವ್ರ ನಿಗಾ ಘಟಕದೊಳಗೇ ತಾಯಿಗೂ ಹಾಸಿಗೆ ಕೊಟ್ಟಾಗ 28 ದಿನಗಳೊಳಗಿನ ಸಾವು ಶೇ 15.7ರಿಂದ ಶೇ 12ಕ್ಕೆ ಇಳಿಯಿತು. ನಂಜಿನ ಶಂಕೆಯ ಪ್ರಕರಣಗಳೂ ಕಡಿಮೆಯಾದವು. ಈ ಲೇಖನದ ವಿಷಯಕ್ಕೆ ಇದರಲ್ಲಿ ಮುಖ್ಯವಾದ ಸಂಗತಿಯೊಂದಿದೆ. ಮಗುವಿನ ಪಕ್ಕದಲ್ಲೇ ತಾಯಿಗೆ ಹಾಸಿಗೆಯಿದ್ದರೆ ಸುದ್ದಿ ತಲುಪಿಸಲು ಬೇರೆ ದೂತರು ಬೇಕಿಲ್ಲ. ನಳಿಕೆಯಲ್ಲಿ ಹಾಲು ಹೋಗುವುದನ್ನು, ಅದರ ಪ್ರಮಾಣ ದಿನದಿಂದ ದಿನಕ್ಕೆ ಏರುವುದನ್ನು ಅವಳು ಕಣ್ಣಾರೆ ನೋಡುತ್ತಾಳೆ. ಉಸಿರಾಟದಲ್ಲಿ ಏರುಪೇರಾದರೆ ಕೆಲವೊಮ್ಮೆ ಅವಳೇ ಮೊದಲು ಗಮನಿಸಿ ಸಿಸ್ಟರನ್ನು ಕರೆಯುತ್ತಾಳೆ. ಕರ್ನಾಟಕದಲ್ಲಿ ಇದಕ್ಕೆ ನೆಲ ಸಿದ್ಧವಿಲ್ಲವೆಂದೇನಿಲ್ಲ: ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ರಾಜ್ಯದ ಆರೋಗ್ಯ ಇಲಾಖೆಯೊಂದಿಗೆ ಸೇರಿ ಕೊಪ್ಪಳ ಜಿಲ್ಲೆಯಲ್ಲಿ ಕಾಂಗರೂ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಮುಂದುವರಿಸುವ ಪ್ರಯತ್ನವನ್ನು ಇಡೀ ಜಿಲ್ಲೆಯ ಮಟ್ಟದಲ್ಲಿ ಮಾಡಿ ತೋರಿಸಿದೆ.

ಹಾಗಿದ್ದರೂ ಇದು ಎಲ್ಲೆಡೆ ಏಕೆ ನಡೆಯುತ್ತಿಲ್ಲ ಎಂದು ಕೇಳುವಾಗ ಸಿಬ್ಬಂದಿಯ ಕಡೆಯಿಂದಲೂ ನೋಡಬೇಕು. ಒಂದು ಪಾಳಿಯಲ್ಲಿ ಮೂರು ನಾಲ್ಕು ಮಕ್ಕಳಿಗೆ ಒಬ್ಬ ದಾದಿ ಇರಬೇಕೆಂಬ ನಿಯಮವಿದ್ದರೂ, ಹಾಸಿಗೆಗಿಂತ ಹೆಚ್ಚು ಮಕ್ಕಳು ಬಂದು ಒಂದೇ ವಾರ್ಮರ್‌ನಲ್ಲಿ ಇಬ್ಬರನ್ನು ಮಲಗಿಸುವ ದಿನಗಳಲ್ಲಿ ಆ ನಿಯಮ ಕಾಗದದಲ್ಲೇ ಉಳಿಯುತ್ತದೆ. ಒಂದು ಕಡೆ ಡ್ರಿಪ್ ನಿಂತು ಅಲಾರಂ ಹೊಡೆದುಕೊಳ್ಳುತ್ತಿರುವಾಗ ಬಾಗಿಲ ಬಳಿ ನಿಂತು ಸಮಾಧಾನವಾಗಿ ಮಾತನಾಡಲು ಯಾರಿಗೂ ಆಗುವುದಿಲ್ಲ. ಭಾಷೆಯ ತೊಡಕೂ ಇದೆ: ಬಳ್ಳಾರಿಯಲ್ಲಿ ತೆಲುಗು, ಬೆಳಗಾವಿಯಲ್ಲಿ ಮರಾಠಿ, ಕಲಬುರಗಿಯಲ್ಲಿ ಉರ್ದು, ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಬಂದ ಬಿಹಾರ, ಬಂಗಾಳದ ಕುಟುಂಬಗಳು. ಇದಕ್ಕೆ ಹಲ್ಲೆಯ ಭಯವೂ ಸೇರಿದೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯಲು ರಾಜ್ಯದಲ್ಲಿ 2009ರಿಂದಲೇ ಕಾಯ್ದೆಯಿದ್ದರೂ ಭಯ ಹೋಗಿಲ್ಲ. ಮಗು ಉಳಿಯುತ್ತದೆ ಎಂದು ಹೇಳಿ ಆಮೇಲೆ ಹೆಚ್ಚುಕಡಿಮೆಯಾದರೆ ಏನು ಗತಿ ಎಂಬ ಅಂಜಿಕೆಯಿಂದ ಎಲ್ಲರಿಗೂ “ಏನೂ ಹೇಳೋಕಾಗಲ್ಲ” ಎಂಬ ಒಂದೇ ಮಾತು ಹೇಳುವುದು ಅಭ್ಯಾಸವಾಗುತ್ತದೆ. ಈ ಎಚ್ಚರಿಕೆ ಯಾರನ್ನೂ ಕಾಪಾಡುವುದಿಲ್ಲ. ಚೇತರಿಸಿಕೊಳ್ಳುತ್ತಿರುವ ಮಗುವಿನ ಹೆತ್ತವರಿಗೂ ಕೈಮೀರುತ್ತಿರುವ ಮಗುವಿನ ಹೆತ್ತವರಿಗೂ ಒಂದೇ ಮಾತು ಹೇಳಿದರೆ, ಎರಡನೆಯವರಿಗೆ ಸಾವು ಬಂದಾಗ ಅದು ಹಠಾತ್ತನೆ ಆಯಿತೆಂದೇ ಅನಿಸುತ್ತದೆ. ಓಣಿಯಲ್ಲಿ ಸಿಟ್ಟು ಹುಟ್ಟುವುದು ಅಲ್ಲಿಂದಲೇ.

ಸಾವಿನ ಸುದ್ದಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. 2020ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಾವಿರ ಜೀವಂತ ಜನನಗಳಿಗೆ 20 ಮಕ್ಕಳು ಮೊದಲ 28 ದಿನಗಳಲ್ಲೇ ಸಾಯುತ್ತಿದ್ದವು. ಇಂಥ ಸಾವನ್ನು ನಿಂತಲ್ಲೇ, ಹತ್ತು ಜನರ ನಡುವೆ, ಬಟ್ಟೆ ಸುತ್ತಿದ ಮಗುವನ್ನು ತಂದೆಯ ಕೈಗಿಡುತ್ತ ತಿಳಿಸುವುದು ಇಂದಿಗೂ ನಡೆಯುತ್ತದೆ. ತಾಯಿ ನೋಡಬಾರದೆಂದು ಹಿರಿಯರು ಅಷ್ಟರಲ್ಲೇ ತೀರ್ಮಾನಿಸಿರುತ್ತಾರೆ. ಸಂಜೆಯೊಳಗೆ ಮಣ್ಣು ಮಾಡಿ ಬಂದಿರುತ್ತಾರೆ. ಹಿರಿಯರ ಈ ನಿರ್ಧಾರವನ್ನು ಆಸ್ಪತ್ರೆ ಪ್ರಶ್ನಿಸುವುದು ಕಷ್ಟವೆಂಬುದು ನಿಜ. ಆದರೆ ನೋಡಬೇಕೇ, ಎತ್ತಿಕೊಳ್ಳಬೇಕೇ ಎಂದು ತಾಯಿಯನ್ನೊಮ್ಮೆ ಕೇಳುವ ಅಧಿಕಾರ ಸಿಬ್ಬಂದಿಗಿದೆ. ಒಂಬತ್ತು ತಿಂಗಳು ಹೊತ್ತವಳಾಗಲಿ, ಏಳೇ ತಿಂಗಳು ಹೊತ್ತವಳಾಗಲಿ, ತನ್ನ ಮಗುವಿನ ಮುಖವನ್ನು ನೋಡಲಿಲ್ಲ ಎಂಬ ಕೊರಗಿನೊಂದಿಗೆ ಮುಂದಿನ ಬಸಿರನ್ನು ಎದುರಿಸುವಂತೆ ಮಾಡುವುದು ಸಣ್ಣ ಅನ್ಯಾಯವಲ್ಲ. ವೈದ್ಯರು ಕುಳಿತುಕೊಂಡು, ತಂದೆತಾಯಿ ಇಬ್ಬರನ್ನೂ ಕೂರಿಸಿ, ಮಗು ತೀರಿಕೊಂಡಿದೆ ಎಂದು ಸುತ್ತಿಬಳಸದೆ ಹೇಳಿ, ಸ್ವಲ್ಪ ಹೊತ್ತು ಅಲ್ಲೇ ಇರುವುದಕ್ಕೆ ಒಂದು ಸಣ್ಣ ಕೋಣೆ ಮತ್ತು ಕಾಲು ಗಂಟೆಯ ಸಮಯ ಬೇಕು.

ವೈದ್ಯಕೀಯ ಶಿಕ್ಷಣದಲ್ಲಿ 2019ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ನಡವಳಿಕೆ, ನೀತಿ ಮತ್ತು ಸಂವಹನವನ್ನು ಪಠ್ಯದ ಭಾಗವಾಗಿಯೇ ಕಲಿಸಲಾಗುತ್ತಿದೆ. ಸ್ವಾಗತಾರ್ಹ. ಆದರೆ ಕಲಿತು ಬಂದವರಿಗೆ ಮಾತನಾಡಲು ಸಮಯ ಮತ್ತು ಸ್ಥಳ ಸಿಗದಿದ್ದರೆ, ದಿನದ ಹೆಚ್ಚಿನ ಹೊತ್ತು ಮಗುವಿನ ಬಳಿ ಇರುವ ದಾದಿಯರಿಗೆ ಅದೇ ತರಬೇತಿ ಮತ್ತು ಮಾತನಾಡುವ ಅಧಿಕಾರ ದೊರೆಯದಿದ್ದರೆ, ಓಣಿಯ ಸ್ಥಿತಿ ಬದಲಾಗುವುದಿಲ್ಲ. ಬದಲಾವಣೆ ಬೇಕೆಂದರೆ ಆರಂಭಿಸಬೇಕಾದದ್ದು ಪಾಳಿಯ ಪಟ್ಟಿಯಿಂದ. ರೌಂಡ್ಸ್ ಮುಗಿದ ಮೇಲೆ ಇಂಥ ಗಂಟೆಗೆ ಇಂಥವರು ಪ್ರತಿ ಮಗುವಿನ ತಾಯಿಯೊಂದಿಗೆ ಮಾತನಾಡುತ್ತಾರೆ ಎಂಬುದು ಅಲ್ಲಿ ಹೆಸರು ಸಮೇತ ಬರೆದಿರಬೇಕು. ತಾಯಿ ಬೇರೆ ಆಸ್ಪತ್ರೆಯಲ್ಲಿದ್ದರೆ ಅಲ್ಲಿನ ವಾರ್ಡಿನ ಸಿಸ್ಟರ್ ಮೂಲಕ ಅವಳಿಗೇ ಫೋನ್ ಕೊಡಿಸಿ, ಸಾಧ್ಯವಿದ್ದರೆ ವಿಡಿಯೋ ಕರೆಯಲ್ಲಿ ಮಗುವನ್ನು ತೋರಿಸಿ ಮಾತನಾಡಬೇಕು, ಮತ್ತು ದಿನಕ್ಕೆ ಎಂಟು ಸಲವಾದರೂ, ರಾತ್ರಿಯೂ ಸೇರಿದಂತೆ, ಹಾಲು ಹಿಂಡಬೇಕೆಂದು ಮೊದಲ ಕರೆಯಲ್ಲೇ ಹೇಳಬೇಕು. ಮಾತನಾಡಿದ್ದನ್ನು ಔಷಧ ಕೊಟ್ಟದ್ದನ್ನು ಬರೆಯುವಂತೆಯೇ ಕೇಸ್ ಶೀಟಿನಲ್ಲಿ ಬರೆಯಬೇಕು. ಖಾಸಗಿ ಆಸ್ಪತ್ರೆಗಳಿಗೂ ಇದು ಅನ್ವಯಿಸಬೇಕು. 2017ರಲ್ಲಿ ತಿದ್ದುಪಡಿಯಾದ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ ರೋಗಿಗಳ ಸನ್ನದು ಸೇರಿದೆ, ಅದು ಗೋಡೆಯ ಫಲಕವಾಗಿಯಷ್ಟೇ ಉಳಿಯಬೇಕಿಲ್ಲ.

ಬಿಡುಗಡೆಯ ದಿನಕ್ಕೆ ಇನ್ನಷ್ಟು ಗಮನ ಬೇಕು. ಅಂದು ಕುಟುಂಬಕ್ಕೆ ಮನೆ ಸೇರುವ ಆತುರ, ಸಿಬ್ಬಂದಿಗೆ ಹಾಸಿಗೆ ತೆರವಾಗುವ ಆತುರ, ಹೇಳಿದ ಯಾವ ಮಾತೂ ಕಿವಿಗೆ ಹೋಗುವುದಿಲ್ಲ. ಆದ್ದರಿಂದ ಮನೆಗೆ ಹೋಗುವ ಎರಡು ಮೂರು ದಿನ ಮೊದಲೇ ತಾಯಿಯ ಕೈಯಿಂದಲೇ ಒಳಲೆಯಲ್ಲಿ ಹಾಲು ಕುಡಿಸಿ, ಮಗುವನ್ನು ಎದೆಗೆ ಕಟ್ಟಿಕೊಳ್ಳಲು ಹೇಳಿ, ಮೈ ತಣ್ಣಗಾಗುವುದು, ಹಾಲು ಬಿಡುವುದು, ಎದೆಗೂಡು ಒಳಕ್ಕೆ ಸೆಳೆಯುವುದು ಇಂಥ ಅಪಾಯದ ಚಿಹ್ನೆಗಳನ್ನು ತೋರಿಸಿ, ಅವಳಿಗೆ ಏನು ತಿಳಿಯಿತು ಎಂಬುದನ್ನು ಅವಳ ಬಾಯಿಂದಲೇ ಮತ್ತೆ ಹೇಳಿಸಬೇಕು. ಕಾರ್ಡಿನಲ್ಲಿ ಕಣ್ಣಿನ ಪರೀಕ್ಷೆಯ ದಿನಾಂಕ, ಕಿವಿಯ ಪರೀಕ್ಷೆಯ ದಿನಾಂಕ, ಎಲ್ಲಿಗೆ ಬರಬೇಕು, ಬಾರದಿದ್ದರೆ ಏನಾಗಬಹುದು ಎಂಬುದು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಇರಬೇಕು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಮೊದಲ 42 ದಿನಗಳಲ್ಲಿ ಆರು ಸಲ ಮನೆಗೆ ಹೋಗುವ ಜವಾಬ್ದಾರಿ ಆಶಾ ಕಾರ್ಯಕರ್ತೆಯರಿಗೆ ಈಗಾಗಲೇ ಇದೆ. ಅವರ ಫೋನ್ ನಂಬರ್ ಜಿಲ್ಲಾಸ್ಪತ್ರೆಯ ಘಟಕದಲ್ಲಿದ್ದು, ಮಗು ಬಿಡುಗಡೆಯಾದ ದಿನವೇ ಅವರಿಗೆ ಸುದ್ದಿ ಹೋದರೆ, ಮೊದಲ ಭೇಟಿಯಲ್ಲೇ ಆ ಕಾರ್ಡು ತೆಗೆಸಿ ನೋಡಿ, ಪರೀಕ್ಷೆಯ ದಿನ ಮಗುವನ್ನು ಕರೆದುಕೊಂಡು ಹೊರಡುವುದು ಯಾರು ಎಂದು ಮನೆಯವರನ್ನು ಕೇಳಿ ಗೊತ್ತುಮಾಡಿಕೊಳ್ಳುವುದು ಅವರಿಂದ ಸಾಧ್ಯ.